ಊರಿಗೆ ಬಸ್ ಬೇಕು ಅಂದ್ರೆ ಬಜೆಟ್‌ನಲ್ಲಿ ಏನನ್ನು ಕೇಳಬೇಕು?

ಜನವರಿ ಬಂತೆಂದರೆ ಶಾಸಕರ ಕಚೇರಿಯಲ್ಲಿ ಮನವಿಗಳ ರಾಶಿ ಬೀಳುತ್ತದೆ. ಮಾರ್ಚ್‌ನಲ್ಲಿ ಬಜೆಟ್. ಅದಕ್ಕೂ ಮುಂಚೆ ಮುಖ್ಯಮಂತ್ರಿಗಳು ಇಲಾಖಾವಾರು ಸಭೆ ನಡೆಸುತ್ತಾರೆ. ಬಸ್ಸಿನ ಬಗ್ಗೆ ಬರುವ ಮನವಿಗಳಲ್ಲಿ ಬಹುತೇಕ ಒಂದೇ ಮಾತು ಇರುತ್ತದೆ: 'ನಮ್ಮ ಊರಿಗೆ ಹೆಚ್ಚುವರಿ ಬಸ್ ಬಿಡಬೇಕು.' ಸಹಿ, ಸೀಲು, ಅಷ್ಟೇ. ಅದು ಸಾರಿಗೆ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ಬಸ್ ಓಡಿಸುವ ಸಾರಿಗೆ ನಿಗಮಕ್ಕೆ, ಅಲ್ಲಿಂದ ಡಿಪೋಗೆ. ಕೊನೆಗೆ 'ಆದಾಯ ಇಲ್ಲದ ಮಾರ್ಗ' ಎಂಬ ಷರಾ ಹೊತ್ತು ವಾಪಸ್ ಬರುತ್ತದೆ.

ಸರ್ಕಾರ ಬಸ್ಸಿಗೆ ಹಣ ಕೊಡುವ ದಾರಿ ಒಂದೇ ಅಲ್ಲ. ಪ್ರಯಾಣಿಕರ ಟಿಕೆಟಿಗೆ ಕೊಡಬಹುದು, ಬಸ್ ಕೊಳ್ಳಲು ಕೊಡಬಹುದು, ಓಡಿದ ಕಿಲೋಮೀಟರಿಗೆ ಕೊಡಬಹುದು, ಸಾಲ ಕೊಡಿಸಬಹುದು, ಸಂಬಳ ವಹಿಸಿಕೊಳ್ಳಬಹುದು, ನಷ್ಟದ ಮಾರ್ಗದ ಕೊರತೆ ತುಂಬಬಹುದು. ಒಂದೇ 100 ಕೋಟಿ ಈ ಆರು ದಾರಿಗಳಲ್ಲಿ ಹೋದರೆ ಆರು ಬೇರೆ ಬೇರೆ ಜಾಗ ತಲುಪುತ್ತದೆ. ಹಾಗಾಗಿ ಎಷ್ಟು ಹಣ ಎಂದು ಕೇಳುವ ಮೊದಲು ಯಾವ ದಾರಿಯಲ್ಲಿ ಎಂದು ಕೇಳಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ಕಾಲೇಜು ಮಕ್ಕಳ ಪೋಷಕರು, ಹೀಗೆ ಮನವಿ ಬರೆಯಲು ಕೂತಿರುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ.

ಟಿಕೆಟಿಗೆ ದುಡ್ಡು: ಶಕ್ತಿ ಯೋಜನೆಯ ದಾರಿ

ಮೊದಲೇ ಹೇಳಿಬಿಡುತ್ತೇನೆ, ಶಕ್ತಿ ಯೋಜನೆ ಬೇಕು ಎನ್ನುವವರಲ್ಲಿ ನಾನೂ ಒಬ್ಬ. 2023ರ ಜೂನ್ 11ರಂದು ಶುರುವಾದ ಈ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣಗಳಾಗಿದ್ದವು. ಗಾರ್ಮೆಂಟ್ಸ್ ಕೆಲಸಕ್ಕೆ, ಜಿಲ್ಲಾಸ್ಪತ್ರೆಗೆ, ತವರಿಗೆ ಹೋಗಿಬರುವ ಹೆಣ್ಣುಮಕ್ಕಳ ಕೈಯಲ್ಲಿ ಉಳಿದ ದುಡ್ಡು ಸಣ್ಣದಲ್ಲ.

ಆದರೆ ಹಣ ಹರಿಯುವ ರೀತಿ ಗಮನಿಸಿ. ಕಂಡಕ್ಟರ್ ಗುರುತಿನ ಚೀಟಿ ನೋಡಿ ಮೆಷಿನ್‌ನಲ್ಲಿ ಶೂನ್ಯ ಟಿಕೆಟ್ ಹೊಡೆಯುತ್ತಾರೆ. ಹತ್ತಿದ ಜಾಗ, ಇಳಿಯುವ ಜಾಗ ಅದರಲ್ಲಿ ದಾಖಲಾಗುತ್ತದೆ. ಆ ದೂರಕ್ಕೆ ಎಷ್ಟು ಟಿಕೆಟ್ ದರ ಇತ್ತೋ ಅಷ್ಟನ್ನು ಲೆಕ್ಕ ಹಾಕಿ ನಿಗಮ ಸರ್ಕಾರದ ಬಳಿ ಕೇಳುತ್ತದೆ. ಅಂದರೆ ಬಸ್ಸು ಬಂದು, ಅದರಲ್ಲಿ ಯಾರಾದರೂ ಹತ್ತಿದರೆ ಮಾತ್ರ ದುಡ್ಡು. ಬಸ್ಸೇ ಬಾರದ ಊರಿನ ಹೆಸರಲ್ಲಿ ಒಂದು ಶೂನ್ಯ ಟಿಕೆಟೂ ಹುಟ್ಟುವುದಿಲ್ಲ, ಒಂದು ರೂಪಾಯಿಯೂ ಬರುವುದಿಲ್ಲ. ತುಂಬಿ ತುಳುಕುವ ಮಾರ್ಗಕ್ಕೆ ಜಾಸ್ತಿ, ಖಾಲಿ ಓಡುವ ಮಾರ್ಗಕ್ಕೆ ಕಡಿಮೆ.

ಕರಾವಳಿಯಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಊರೂರಿಗೂ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಶಕ್ತಿ ಅನ್ವಯವಾಗುವುದು ಸರ್ಕಾರಿ ನಿಗಮಗಳ ಬಸ್ಸಿಗೆ ಮಾತ್ರ. ಅಲ್ಲಿನ ಮಹಿಳೆಯರೂ ಇದೇ ರಾಜ್ಯಕ್ಕೆ ತೆರಿಗೆ ಕಟ್ಟುತ್ತಾರೆ, ಆದರೆ ಮನೆ ಮುಂದೆ ನಿಲ್ಲುವ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು.

ಇನ್ನೊಂದು ತೊಡಕು ಮೊತ್ತದ್ದು. 2024-25ರ ಬಜೆಟ್‌ನಲ್ಲಿ ಶಕ್ತಿಗೆ ಇಟ್ಟಿದ್ದು 5,015 ಕೋಟಿ ರೂಪಾಯಿ, 2025-26ರಲ್ಲಿ 5,300 ಕೋಟಿ. ಏರಿಕೆ ಶೇ 6ಕ್ಕೂ ಕಡಿಮೆ. ಈ ಎರಡು ಬಜೆಟ್‌ಗಳ ನಡುವೆ, 2025ರ ಜನವರಿ 5ರಿಂದ, ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಟಿಕೆಟ್ ದರ ಶೇ 15ರಷ್ಟು ಏರಿತು. ದರ ಏರಿದಾಗ ಗಂಡಸರ ಜೇಬಿನಿಂದ ಜಾಸ್ತಿ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಸರ್ಕಾರ ನಿಗಮಕ್ಕೆ ಕೊಡಬೇಕಾದ ಶೂನ್ಯ ಟಿಕೆಟಿನ ಬಾಕಿಯೂ ಅಷ್ಟೇ ಏರುತ್ತದೆ ಎನ್ನುವುದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಓಡಾಡುವ ಮಹಿಳೆಯರ ಸಂಖ್ಯೆ ಒಂದಿಷ್ಟೂ ಹೆಚ್ಚದೇ ಇದ್ದರೂ ಶೇ 15 ಹೆಚ್ಚಾದ ಬಿಲ್ಲಿಗೆ ಶೇ 6 ಹೆಚ್ಚಿನ ಹಣ ಸಾಕಾಗುವುದು ಹೇಗೆ? ಉಳಿದದ್ದು ನಿಗಮದ ತಲೆ ಮೇಲೆ ಕೂರುತ್ತದೆ. ನಿಗಮ ಅದನ್ನು ಎಲ್ಲಿ ಉಳಿಸುತ್ತದೆ? ಹೊಸ ಟೈರಿನಲ್ಲಿ, ನೌಕರರ ಭವಿಷ್ಯ ನಿಧಿ (ಪಿ.ಎಫ್.) ಕಟ್ಟುವುದರಲ್ಲಿ, ನಿಮ್ಮ ಊರಿನ ಸಂಜೆ ಟ್ರಿಪ್ಪಿನಲ್ಲಿ.

ಶಕ್ತಿಗೆ ಇನ್ನಷ್ಟು ಹಣ ಇಡಿ ಎಂದು ಕೇಳುವುದು ಸರಿಯಾದ ಬೇಡಿಕೆಯೇ. ಆದರೆ ಈಗಾಗಲೇ ಚೆನ್ನಾಗಿ ಬಸ್ ಇರುವ ಊರಿನವರಿಗೆ ಅದರಿಂದ ಲಾಭ. ಬಸ್ಸೇ ಇಲ್ಲದವರು ಬೇರೆ ದಾರಿ ಹುಡುಕಬೇಕು.

ಬಸ್ ಕೊಳ್ಳಲು ದುಡ್ಡು

ಇದು ಕೇಳಲು ಸುಲಭ, ಕೊಡಲೂ ಸರ್ಕಾರಕ್ಕೆ ಇಷ್ಟ. ಹೊಸ ಬಸ್ಸುಗಳನ್ನು ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲಿಸಿ ಹಸಿರು ಬಾವುಟ ತೋರಿಸಬಹುದು. ಲೆಕ್ಕಪತ್ರದಲ್ಲೂ ಇದಕ್ಕೆ ಒಳ್ಳೆಯ ಜಾಗವಿದೆ. ಇದು ಬಂಡವಾಳ ವೆಚ್ಚ, ಆಸ್ತಿ ಹುಟ್ಟಿಸುವ ಖರ್ಚು. ಶಕ್ತಿಗೆ ಕೊಡುವುದು ರಾಜಸ್ವ ವೆಚ್ಚ, ಅಂದರೆ ಆಸ್ತಿ ಹುಟ್ಟಿಸದ ದಿನನಿತ್ಯದ ಖರ್ಚು. 2002ರ ಕರ್ನಾಟಕ ಆರ್ಥಿಕ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ರಾಜಸ್ವ ಕೊರತೆ (ಈ ದಿನನಿತ್ಯದ ಖರ್ಚು ಆದಾಯವನ್ನು ಮೀರುವುದು) ಇರಬಾರದು, ವಿತ್ತೀಯ ಕೊರತೆ (ಸಾಲ ಮಾಡಿ ತುಂಬಬೇಕಾದ ಒಟ್ಟು ಅಂತರ) ರಾಜ್ಯದ ಆಂತರಿಕ ಉತ್ಪನ್ನದ ಶೇ 3ರೊಳಗೆ ಇರಬೇಕು. 2025-26ರ ಬಜೆಟ್ ತೋರಿಸಿದ್ದು 19,262 ಕೋಟಿ ರಾಜಸ್ವ ಕೊರತೆ. ಅದಕ್ಕೇ ಹಣಕಾಸು ಇಲಾಖೆಯವರು ರಾಜಸ್ವ ಲೆಕ್ಕದ ಹೊಸ ಬೇಡಿಕೆ ಬಂದರೆ ಮುಖ ಗಂಟು ಹಾಕುತ್ತಾರೆ, ಬಂಡವಾಳದ ಬೇಡಿಕೆಯನ್ನು ಕೂತು ಕೇಳುತ್ತಾರೆ.

ಒಂದು ಸಾದಾ ಡೀಸೆಲ್ ಬಸ್ಸಿಗೆ 40 ಲಕ್ಷ ಎಂದು ಹಿಡಿದರೆ 100 ಕೋಟಿಗೆ 250 ಬಸ್. ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಎರಡು ಪ್ರಶ್ನೆ ಕೇಳದೆ ಖುಷಿಪಡಬೇಡಿ. ಮೊದಲನೆಯದು, ಇವು ಹೊಸದಾಗಿ ಸೇರುವ ಬಸ್ಸುಗಳೋ, ಹಳೆಯದರ ಬದಲಿಗೆ ಬರುವವೋ? ಕೇಂದ್ರದ ನಿಯಮದಂತೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುತ್ತದೆ, ಸಾರಿಗೆ ನಿಗಮದ ಬಸ್ಸುಗಳೂ ಅದರಲ್ಲಿ ಸೇರಿವೆ. 250 ಬಂದು 250 ಗುಜರಿಗೆ ಹೋದರೆ ನಿಮ್ಮ ಊರಿನ ಮಟ್ಟಿಗೆ ಏನೂ ಬದಲಾಗಿಲ್ಲ. ಎರಡನೆಯದು, ಓಡಿಸುವವರು ಯಾರು? ಬಸ್ಸಿನ ಜೊತೆಗೆ ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಹುದ್ದೆಗಳಿಗೆ ಮಂಜೂರಾತಿ ಸಿಗದಿದ್ದರೆ ಹೊಸ ಬಸ್ಸು ಡಿಪೋದಲ್ಲಿ ನಿಲ್ಲುತ್ತದೆ, ಇಲ್ಲವೇ ಇರುವ ಚಾಲಕನ ಮೇಲೆ ಡಬಲ್ ಡ್ಯೂಟಿ ಬೀಳುತ್ತದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಇನ್ನೊಂದು ಬಾಗಿಲೂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರಲ್ಲಿ 5,000 ಕೋಟಿ ಘೋಷಿಸಲಾಗಿತ್ತು. ಬಸ್ಸಿನ ಬೇಡಿಕೆಯನ್ನು ಸಾರಿಗೆ ಇಲಾಖೆಗೆ ಮಾತ್ರ ಕೊಡದೆ ಮಂಡಳಿಗೂ ಕೊಡಿ.

ಖಾಸಗಿ ಬಸ್, ಕಿಲೋಮೀಟರಿಗೆ ಬಾಡಿಗೆ

ಬೆಂಗಳೂರಿನ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸುಗಳು ಬಂದಿರುವುದು ಹೀಗೆ. ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ನಿರ್ವಾಹಕ ನಿಗಮದವರು. ಓಡಿದ ಪ್ರತಿ ಕಿಲೋಮೀಟರಿಗೆ ನಿಗಮ ಹಣ ಕೊಡುತ್ತದೆ. ಬಿಎಂಟಿಸಿ 921 ಬಸ್ಸುಗಳಿಗೆ ಮಾಡಿಕೊಂಡ ಗುತ್ತಿಗೆ 12 ವರ್ಷದ್ದು. ಎಲೆಕ್ಟ್ರಿಕ್ ವಾಹನಗಳಿಗೆ ನೆರವು ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಇನ್ನೂ 4,500 ಬಸ್ ಎಂದು ಹಂಚಿಕೆಯಾಗಿದೆ.

ಒಂದೇ ಸಲ ದೊಡ್ಡ ಮೊತ್ತ ಹಾಕಬೇಕಿಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಆದರೆ ಬಸ್ಸು ಖಾಲಿ ಓಡಿದರೂ ತುಂಬಿ ಓಡಿದರೂ ಕಂಪನಿಗೆ ಬಾಡಿಗೆ ಬಂದೇ ಬರಬೇಕು. ಟಿಕೆಟ್ ಆದಾಯದ ನಷ್ಟ ಪೂರ್ತಿ ನಿಗಮದ್ದು. ಇವತ್ತಿನ ಬಜೆಟ್‌ನಲ್ಲಿ ಹಗುರಾಗಿ ಕಾಣುವ ಹೊರೆ ಮುಂದಿನ 12 ಬಜೆಟ್‌ಗಳಿಗೆ ಹಂಚಿಹೋಗಿರುತ್ತದೆ. ದಟ್ಟ ನಗರಕ್ಕೆ ಇದು ಹೊಂದುತ್ತದೆ. ದಿನಕ್ಕೆ ನಾಲ್ಕು ಟ್ರಿಪ್ ಇರುವ ಹಳ್ಳಿ ಮಾರ್ಗಕ್ಕೆ, ಚಾರ್ಜಿಂಗ್ ವ್ಯವಸ್ಥೆ ಇಲ್ಲದ ತಾಲ್ಲೂಕು ಡಿಪೋಗೆ, ಸದ್ಯಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಸಾಲ

ಇದನ್ನು ಯಾರೂ ಕೇಳಬೇಡಿ. 2025ರ ಆರಂಭದಲ್ಲಿ ನಾಲ್ಕು ನಿಗಮಗಳಿಗೆ ಪಿ.ಎಫ್. ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿತು. ಹಳೆಯ ಬಾಕಿಗೆ ಹೊಸ ಸಾಲ. ಅದರಿಂದ ಒಂದು ಹೊಸ ಬಸ್ಸೂ ರಸ್ತೆಗಿಳಿಯುವುದಿಲ್ಲ. ರಾಜ್ಯದ ಒಟ್ಟು ಹೊಣೆಗಾರಿಕೆ ಆಂತರಿಕ ಉತ್ಪನ್ನದ ಶೇ 25 ದಾಟಬಾರದು ಎಂಬ ಮಿತಿ ಇದೆ. 2025-26ರ ಬಜೆಟ್ ಅಂದಾಜಿನಲ್ಲೇ ಅದು ಶೇ 24.91 ಮುಟ್ಟಿತ್ತು. ಇನ್ನು ಜಾಗ ಎಲ್ಲಿದೆ?

ಸಂಬಳ ಸರ್ಕಾರವೇ ವಹಿಸಿಕೊಂಡರೆ

ಆಂಧ್ರಪ್ರದೇಶ ಇದನ್ನು ಮಾಡಿದೆ. 2020ರ ಜನವರಿ 1ರಿಂದ ಅಲ್ಲಿನ ರಸ್ತೆ ಸಾರಿಗೆ ಸಂಸ್ಥೆಯ (ಆರ್‌ಟಿಸಿ) ನೌಕರರು ಸರ್ಕಾರದ ಸಾರ್ವಜನಿಕ ಸಾರಿಗೆ ಇಲಾಖೆಯ ನೌಕರರಾದರು. ಅದನ್ನು ನೋಡಿಯೇ 2020ರ ಡಿಸೆಂಬರ್‌ನಲ್ಲಿ ನಮ್ಮ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದರು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗಕ್ಕಾಗಿ ಮತ್ತೆ ಇಳಿದರು. 2025ರ ಆಗಸ್ಟ್ 5ರಂದು 38 ತಿಂಗಳ ವೇತನ ಹಿಂಬಾಕಿಗಾಗಿ ಮತ್ತೊಮ್ಮೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಲ್ಟಿಂಗ್ ಬಸ್ ಹೊರಡಿಸುವ ಚಾಲಕನಿಗೆ ಮೂರು ವರ್ಷದ ಹಿಂಬಾಕಿ ಉಳಿಸಿಕೊಳ್ಳುವುದು ನ್ಯಾಯವಲ್ಲ.

ಸಂಬಳದ ಚಿಂತೆ ತಪ್ಪಿದರೆ ನಿಗಮ ಟಿಕೆಟ್ ಹಣವನ್ನು ಡೀಸೆಲ್‌ಗೆ, ದುರಸ್ತಿಗೆ ಹಾಕಬಹುದು. ಅದು ನಿಜ. ಆದರೆ ಒಮ್ಮೆ ವಹಿಸಿಕೊಂಡ ಸಂಬಳ, ಪಿಂಚಣಿ ಶಾಶ್ವತ ರಾಜಸ್ವ ವೆಚ್ಚ. ರಾಜಸ್ವ ಕೊರತೆಯಲ್ಲಿರುವ ಸರ್ಕಾರ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಅಲ್ಲದೆ ಸಂಬಳಕ್ಕೆ ಹೋಗುವ ಹಣಕ್ಕೂ ನಿಮ್ಮ ಊರಿನ ಟ್ರಿಪ್ಪಿಗೂ ನೇರ ಸಂಬಂಧ ಇರುವುದಿಲ್ಲ. ನೌಕರರ ಬೇಡಿಕೆಗೆ ಬೆಂಬಲ ಕೊಡಿ, ಆದರೆ ಊರಿನ ಮನವಿಯನ್ನು ಅದರೊಳಗೆ ಕಲಸಬೇಡಿ.

ನಷ್ಟದ ಮಾರ್ಗಕ್ಕೆ ನೇರ ಹಣ

ನನಗೆ ಹೆಚ್ಚು ಸರಿ ಕಾಣುವುದು ಇದು. ನಮ್ಮಲ್ಲಿ ಬಹಳ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

ಡಿಪೋಗೆ ಹೋಗಿ ಸಂಜೆ ಆರೂವರೆಗೆ ಒಂದು ಬಸ್ ಕೇಳಿ ನೋಡಿ. ಡಿಪೋ ಮ್ಯಾನೇಜರ್ ಹೇಳುವ ಮೊದಲ ಮಾತು 'ಇಪಿಕೆಎಂ ಬರಲ್ಲ ಸರ್'. ಒಂದು ಕಿಲೋಮೀಟರ್ ಓಡಿದ್ದಕ್ಕೆ ಎಷ್ಟು ಆದಾಯ ಬಂತು ಎಂಬ ಲೆಕ್ಕ ಅದು. ಅವರ ಮೇಲೆ ಮೇಲಧಿಕಾರಿಗಳು ಕೂರುವುದೂ ಇದೇ ಲೆಕ್ಕ ಹಿಡಿದು. ಹಾಗಾಗಿ ಅವರನ್ನು ಬೈದು ಪ್ರಯೋಜನವಿಲ್ಲ. ಆ ಲೆಕ್ಕವನ್ನೇ ಮುಂದಿಟ್ಟು ಮಾತಾಡಬೇಕು.

ಒಂದು ಉದಾಹರಣೆ ಹಾಕೋಣ. 40 ಕಿಲೋಮೀಟರ್ ಮಾರ್ಗ, ದಿನಕ್ಕೆ ನಾಲ್ಕು ಸಿಂಗಲ್ ಟ್ರಿಪ್, ಒಟ್ಟು 160 ಕಿಲೋಮೀಟರ್. ಕಿಲೋಮೀಟರಿಗೆ ಖರ್ಚು 50 ರೂಪಾಯಿ, ಶಕ್ತಿ ಹಣವೂ ಸೇರಿ ಆದಾಯ 30 ರೂಪಾಯಿ ಎಂದುಕೊಳ್ಳಿ. ಕೊರತೆ 20 ರೂಪಾಯಿ. ದಿನಕ್ಕೆ 3,200, ವರ್ಷಕ್ಕೆ 11 ಲಕ್ಷದ 68 ಸಾವಿರ. ಅಂದರೆ ಒಂದು ಕೋಟಿ ರೂಪಾಯಿ ಇದ್ದರೆ ಇಂಥ ಎಂಟು ಮಾರ್ಗಗಳನ್ನು ವರ್ಷಪೂರ್ತಿ ಓಡಿಸಬಹುದು. ತಾಲ್ಲೂಕಿನ ಮೂಲೆ ಮೂಲೆಗೂ ಬೆಳಗ್ಗೆ ಒಂದು, ಸಂಜೆ ಒಂದು ಬಸ್ ತಲುಪಿಸಲು ಇಷ್ಟು ಸಾಕು ಎಂದು ತಿಳಿದಾಗ ಹೊಟ್ಟೆ ಉರಿಯುತ್ತದೆ, ಏಕೆಂದರೆ ಪಿಯುಸಿ ಮುಗಿಸಿ ಓದು ಬಿಡುವ ಎಷ್ಟೋ ಹೆಣ್ಣುಮಕ್ಕಳ ಮನೆಯಲ್ಲಿ ಕೊಡುವ ಕಾರಣ 'ಸಂಜೆ ಬಸ್ ಇಲ್ಲ'.

ಇಂಥ ಹಣ ಕೊಡುವುದು ಸರ್ಕಾರಕ್ಕೆ ಹೊಸದೇನೂ ಅಲ್ಲ. ವಿಮಾನಕ್ಕೆ ಕೊಡುತ್ತಿದೆ. ಕೇಂದ್ರದ ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ವಿಮಾನ ಮಾರ್ಗಗಳ ಕೊರತೆಯನ್ನು ಸರ್ಕಾರ ತುಂಬುತ್ತದೆ, ಅದರಲ್ಲಿ ರಾಜ್ಯಗಳ ಪಾಲೂ ಇದೆ. ನಿಂತುಹೋಗಿದ್ದ ಬೀದರ್-ಬೆಂಗಳೂರು ವಿಮಾನ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿದ್ದು ರಾಜ್ಯ ಸರ್ಕಾರ ಕೊರತೆ ತುಂಬಲು ಒಪ್ಪಿದ ಮೇಲೆ. ಬೀದರಿನವರಿಗೆ ವಿಮಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದೇ ನ್ಯಾಯ ಆ ಜಿಲ್ಲೆಯ ಔರಾದ್ ತಾಲ್ಲೂಕಿನ ಹಳ್ಳಿ ಬಸ್ಸಿಗೂ ಸಿಗಲಿ.

ಈ ದಾರಿಯ ಇನ್ನೊಂದು ಗುಣ, ಖಾಸಗಿ ಅಥವಾ ಸಹಕಾರಿ ಬಸ್ಸಿಗೂ ಇದನ್ನು ಕೊಡಬಹುದು. ಮಲೆನಾಡಿನ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಒಳರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಬಸ್ಸುಗಳು ಅವು. ಮಾರ್ಗವಾರು ನೆರವು ಎಂಬ ಲೆಕ್ಕಶೀರ್ಷಿಕೆ (ಹಣ ದಾಖಲಾಗುವ ತಲೆಬರಹ) ಬಜೆಟ್‌ನಲ್ಲಿ ಇದ್ದಿದ್ದರೆ ಅವರಿಗೂ ಕೇಳಲು ಒಂದು ಜಾಗ ಇರುತ್ತಿತ್ತು.

ಕೆಡುಕೂ ಇದೆ. ಬಸ್ ಓಡಿಸದೆಯೇ ಓಡಿಸಿದೆವು ಎಂದು ಬಿಲ್ ಮಾಡಬಹುದು. ಅದಕ್ಕೆ ಬಸ್ಸಿನ ಜಿಪಿಎಸ್ ದಾಖಲೆ ನೋಡಿ ಹಣ ಬಿಡುಗಡೆ ಮಾಡಬೇಕು, ಮತ್ತು ತಿಂಗಳಿಗೊಮ್ಮೆ ಆ ಲೆಕ್ಕ ಪಂಚಾಯಿತಿ ಬೋರ್ಡಿನ ಮೇಲೆ ಬರಬೇಕು. ಟ್ರಿಪ್ ತಪ್ಪಿಸಿದ ದಿನದ ಹಣ ಕಡಿತ ಎಂದು ಷರತ್ತಿನಲ್ಲೇ ಬರೆಸಿ.

ಬೆಂಗಳೂರಿನ ಲೆಕ್ಕ

ಬೆಂಗಳೂರಿಗೆ ಸುಮ್ನೆ ಸುರಿಯುತ್ತಾರೆ ಎಂದು ಹೊರಗಿನವರು ಬೇಸರ ಪಡುತ್ತಾರೆ. ಆ ಹಣದೊಳಗೂ ಆಯ್ಕೆ ಇದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೋ ಹಳದಿ ಮಾರ್ಗ 19 ಕಿಲೋಮೀಟರ್ ಉದ್ದ, ವೆಚ್ಚ 7,160 ಕೋಟಿ ಆಸುಪಾಸು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಅಂದಾಜು ಸುಮಾರು 17,700 ಕೋಟಿ, ಉದ್ದ 17 ಕಿಲೋಮೀಟರಿನ ಒಳಗೆ. ಸುರಂಗ ರಸ್ತೆಗಳಿಗಾಗಿ 2025-26ರ ಬಜೆಟ್‌ನಲ್ಲಿ 19,000 ಕೋಟಿಗೆ ಸರ್ಕಾರದ ಖಾತರಿ ಘೋಷಣೆಯಾಯಿತು. ಮೆಟ್ರೋದಲ್ಲಿ ಯಾರು ಬೇಕಾದರೂ ಹತ್ತಬಹುದು. ಸುರಂಗದಲ್ಲಿ ಹೋಗಲು ಸ್ವಂತ ವಾಹನ ಬೇಕು, ಟೋಲ್ ಕಟ್ಟುವ ಶಕ್ತಿಯೂ ಬೇಕು. ನನ್ನ ಮತ ಮೆಟ್ರೋ ಮತ್ತು ಬಸ್ಸಿಗೆ. ಸಾಲಕ್ಕೆ ಕೊಡುವ ಖಾತರಿ ಎನ್ನುವುದು ಇವತ್ತು ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಯೋಜನೆ ಎಡವಿದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಸೇರಿ ತೀರಿಸಬೇಕಾದ ಹಣ ಅದು.

ಯಾರಿಗೆ ಯಾವುದು

ಬಸ್ ಇದೆ ಆದರೆ ನಿಲ್ಲಲೂ ಜಾಗವಿಲ್ಲ ಎನ್ನುವ ಊರಿನವರು ಬಸ್ ಖರೀದಿ ಹಣ ಕೇಳಿ, ಅದರ ಜೊತೆಗೇ ಸಿಬ್ಬಂದಿ ಹುದ್ದೆಗಳನ್ನೂ ಕೇಳಿ. ಬಸ್ಸೇ ಬಾರದ ಊರಿನವರು ಮಾರ್ಗದ ಕೊರತೆ ತುಂಬುವ ಹಣ ಕೇಳಿ. ಕರಾವಳಿಯವರು ಎರಡರಲ್ಲಿ ಒಂದು ಹಿಡಿಯಿರಿ: ಸರ್ಕಾರಿ ಬಸ್ಸಿನ ಪರವಾನಗಿ ಹೆಚ್ಚಿಸಿ ಎನ್ನಿ, ಅಥವಾ ಖಾಸಗಿ ಬಸ್ಸಿನಲ್ಲೂ ಮಹಿಳೆಯರಿಗೆ ನೆರವು ಕೊಡಿ ಎನ್ನಿ. ಮೊದಲನೆಯದು ನಿಧಾನ, ಎರಡನೆಯದಕ್ಕೆ ಟಿಕೆಟ್ ಮೆಷಿನ್, ಲೆಕ್ಕ ತಪಾಸಣೆ ಎಲ್ಲ ಹೊಸದಾಗಿ ಕಟ್ಟಬೇಕು. ನನಗೆ ಮೊದಲನೆಯದೇ ಗಟ್ಟಿ ಅನಿಸುತ್ತದೆ.

ಎಲ್ಲರೂ ಸೇರಿ ಕೇಳಬಹುದಾದದ್ದು ಡೀಸೆಲ್ ತೆರಿಗೆಯ ವಿಚಾರ. 2024ರ ಜೂನ್‌ನಲ್ಲಿ ರಾಜ್ಯದ ಡೀಸೆಲ್ ಮಾರಾಟ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿತು, 2025ರ ಏಪ್ರಿಲ್ 1ರಿಂದ 21.17 ಆಯಿತು. ನಿಗಮದ ಬಸ್ಸಿನ ಟ್ಯಾಂಕಿಗೂ ಅದೇ ಡೀಸೆಲ್. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಈ ಏರಿಕೆಯಿಂದ ನಿಗಮಕ್ಕೆ ಬಿದ್ದ ಹೊರೆಯನ್ನಾದರೂ ಮಾರ್ಗದ ನೆರವಾಗಿ ವಾಪಸ್ ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಬಜೆಟ್ ಪುಸ್ತಕದಲ್ಲಿ ಎಲ್ಲಿ ನೋಡಬೇಕು

ಭಾಷಣ ಕೇಳಿ ಸುಮ್ಮನಾಗಬೇಡಿ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಎಲ್ಲ ಸಂಪುಟಗಳೂ ಸಿಗುತ್ತವೆ. ಲೆಕ್ಕಶೀರ್ಷಿಕೆಯ ಸಂಖ್ಯೆ ಹಿಡಿದು ಹುಡುಕಿ. 3055 ಎಂದರೆ ರಸ್ತೆ ಸಾರಿಗೆಯ ರಾಜಸ್ವ ವೆಚ್ಚ, 5055 ಅದರ ಬಂಡವಾಳ ವೆಚ್ಚ, 7055 ಸಾಲ. ರಸ್ತೆ, ಸೇತುವೆಗಳದ್ದು ಬೇರೆ: 3054 ಮತ್ತು 5054. ಈ ನಾಲ್ಕಂಕಿಯ ಸಂಖ್ಯೆಗಳು ದೇಶದ ಎಲ್ಲ ರಾಜ್ಯಗಳಲ್ಲೂ ಒಂದೇ, ಹಾಗಾಗಿ ತಮಿಳುನಾಡು, ಆಂಧ್ರದ ಪುಸ್ತಕ ತೆಗೆದು ಹೋಲಿಸಬಹುದು. ಶಕ್ತಿಯಂಥ ಗ್ಯಾರಂಟಿ ಯೋಜನೆಗಳ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ ಪಾಲೂ ಇರುವುದರಿಂದ ಒಂದೇ ಸಾಲು ನೋಡಿ ಮೊತ್ತ ಇಷ್ಟೇ ಎಂದು ತೀರ್ಮಾನಿಸಬೇಡಿ.

ಪ್ರತಿ ಸಾಲಿನ ಪಕ್ಕ ಹಿಂದಿನ ವರ್ಷದ ಪರಿಷ್ಕೃತ ಅಂದಾಜು, ಅದಕ್ಕೂ ಹಿಂದಿನ ವರ್ಷದ ನಿಜವಾದ ಲೆಕ್ಕ ಇರುತ್ತದೆ. ಘೋಷಣೆ ನೋಡಬೇಡಿ, ಲೆಕ್ಕದ ಕಾಲಂ ನೋಡಿ. 5055ರಲ್ಲಿ ಘೋಷಿಸಿದ್ದಕ್ಕಿಂತ ಖರ್ಚಾದದ್ದು ಎಷ್ಟೋ ಕಡಿಮೆ ಇದ್ದರೆ ಆ ಅಂಕಿಯನ್ನೇ ಮನವಿಯಲ್ಲಿ ಬರೆಯಿರಿ.

ಮನವಿ ಒಂದು ಪುಟ ಸಾಕು. ಮಾರ್ಗದ ಹೆಸರು, ದೂರ, ಬೇಕಾದ ಸಮಯ, ಆ ಹೊತ್ತಿಗೆ ಓಡಾಡುವ ವಿದ್ಯಾರ್ಥಿಗಳ ಮತ್ತು ಕೆಲಸದವರ ಎಣಿಕೆ, ಅಂದಾಜು ಕೊರತೆ, ಯಾವ ಲೆಕ್ಕಶೀರ್ಷಿಕೆಯಿಂದ ಹಣ ಎಂಬುದು. ಕಾಲೇಜಿನ ಪ್ರಾಂಶುಪಾಲರಿಂದ ಬಸ್ ಪಾಸ್ ಪಟ್ಟಿ ಪಡೆದು ಲಗತ್ತಿಸಿ. ಒಂದು ಪ್ರತಿ ಶಾಸಕರಿಗೆ, ಒಂದು ವಿಭಾಗೀಯ ನಿಯಂತ್ರಣಾಧಿಕಾರಿಗೆ, ಒಂದು ಸಾರಿಗೆ ಇಲಾಖೆಗೆ. ಡಿಸೆಂಬರ್ ಮುಗಿಯುವುದರೊಳಗೆ ತಲುಪಿಸಿದರೆ ಒಳ್ಳೆಯದು, ಏಕೆಂದರೆ ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿ ಸಿದ್ಧಮಾಡುವ ಹೊತ್ತು ಅದು. ಮಾರ್ಚ್‌ನಲ್ಲಿ ಹೆಸರು ಬರದಿದ್ದರೆ ಕೈಬಿಡಬೇಡಿ. ವರ್ಷದ ನಡುವೆ ಅಧಿವೇಶನ ನಡೆದಾಗ ಸರ್ಕಾರ ಹೆಚ್ಚುವರಿ ಹಣಕ್ಕಾಗಿ ಪೂರಕ ಅಂದಾಜುಗಳನ್ನು ಮಂಡಿಸುತ್ತದೆ. ಅದೇ ಮನವಿಗೆ ಹೊಸ ದಿನಾಂಕ ಹಾಕಿ ಆಗ ಮತ್ತೆ ಕೊಡಿ.